ಮತ್ತೊಂದೆಡೆ ಸರ್

ನಮ್ಮ ಡೆಸ್ಕಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಮತ್ತೊಂದೆಡೆ ಸರ್‌ಗೆ ಒಂದು ಟೀ’ ಅಂದರೆ ಕ್ಯಾಂಟೀನ್ ಹುಡುಗ ಸರಿಯಾದ ಮೇಜಿಗೇ ತಂದಿಡುತ್ತಾನೆ. ಅವರ ಯಾವ ವರದಿ ತೆಗೆದರೂ ಮೊದಲ ಪ್ಯಾರಾದಲ್ಲಿ ಆಡಳಿತ ಪಕ್ಷ ಗುಡುಗುತ್ತದೆ. ಎರಡನೆಯದು ‘ಮತ್ತೊಂದೆಡೆ’ ಎಂದು ಶುರುವಾಗಿ ವಿರೋಧ ಪಕ್ಷಕ್ಕೂ ಅಷ್ಟೇ ಸಾಲು ಬಡಿಸುತ್ತದೆ. ಜಾಗ ಉಳಿದರೆ ‘ಈ ಮಧ್ಯೆ’ ಜೆಡಿಎಸ್.

ತಾಲ್ಲೂಕು ವರದಿಗಾರರಾಗಿ ಮಳೆ, ಜಾತ್ರೆ, ಲಾರಿ ಅಪಘಾತ ಬರೆದುಕೊಂಡಿದ್ದವರು ಬೆಂಗಳೂರಿಗೆ ಬಂದರು. ವಿಧಾನಸೌಧದ ಬೀಟ್ ಸಿಕ್ಕಿತು. ಪತ್ರಕರ್ತನಾದವನು ಎಲ್ಲ ಪಕ್ಷಗಳಿಂದ ಒಂದೇ ಅಂತರದಲ್ಲಿರಬೇಕು ಎಂದು ಹಿರಿಯರು ಹೇಳಿಕೊಟ್ಟಿದ್ದರಂತೆ. ಅದನ್ನು ಸರ್ ಇವತ್ತಿಗೂ ಬಿಟ್ಟಿಲ್ಲ. ಮೂರನೇ ಮಹಡಿಯಲ್ಲಿರಲಿ, ಶಾಸಕರ ಭವನದಲ್ಲಿರಲಿ, ಎಲ್ಲರಿಂದಲೂ ಅವರ ಅಂತರ ಒಂದೇ: ಹೆಗಲ ಮೇಲೆ ಕೈ ಹಾಕುವಷ್ಟು. ಊಟದ ಲೆಕ್ಕವೂ ಹಾಗೇ. “ಎಲ್ಲರ ಮನೇಲೂ ಉಂಡಿದ್ದೀನಿ ಕಣಯ್ಯಾ, ಹಾಗಾಗಿ ಯಾರ ಉಪ್ಪಿನ ಋಣವೂ ನನ್ನ ಮೇಲಿಲ್ಲ” ಎನ್ನುತ್ತಾರೆ. ಅವರಿಗೆ ಮುಖ್ಯಮಂತ್ರಿ ಕೋಟಾದ ಜಿ ಕೆಟಗರಿ ಸೈಟು ಸಿಕ್ಕಿದ ಬಗ್ಗೆ ಕೆಲವರು ಪಿಸುಗುಟ್ಟಿದ್ದುಂಟು. ಅರ್ಜಿ ಹಾಕಿದ್ದು ಒಂದು ಪಕ್ಷದ ಕಾಲದಲ್ಲಿ, ಮಂಜೂರಾದದ್ದು ಇನ್ನೊಂದರ ಕಾಲದಲ್ಲಿ, ಗೃಹಪ್ರವೇಶಕ್ಕೆ ಬಂದು ಹೋಳಿಗೆ ಉಂಡು ಹೋದವರು ಮೂರನೆಯವರು. ಇದಕ್ಕಿಂತ ನಿಷ್ಪಕ್ಷಪಾತವಾಗಿ ಮನೆ ಕಟ್ಟುವುದು ಯಾರಿಗೆ ಸಾಧ್ಯ?

ಚುನಾವಣೆ ಬಂತೆಂದರೆ ಟಿವಿಯವರು ಅವರನ್ನು ಕರೆದು ‘ಹಿರಿಯ ರಾಜಕೀಯ ವಿಶ್ಲೇಷಕರು’ ಎಂಬ ಪಟ್ಟಿ ಹಾಕಿ ನಡುವಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರ ಭವಿಷ್ಯವಾಣಿ ಪ್ರತಿ ಸಲವೂ ‘ಅತಂತ್ರ’. ಯಾರು ಗೆದ್ದರೂ ಇನ್ನೊಬ್ಬರಿಗೆ ಬೇಸರವಲ್ಲವೆ? 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಬಂದಾಗ ಸರ್ ವಾರಗಟ್ಟಲೆ ಎದೆಯುಬ್ಬಿಸಿ ಓಡಾಡಿದರು. 2008ರಲ್ಲಿ ಬಿಜೆಪಿಗೆ 110 ಬಂದಿತು. ಬಹುಮತಕ್ಕೆ ಬೇಕಿದ್ದದ್ದು 113. “ಮೂರು ಕಮ್ಮಿ ಬಿತ್ತಲ್ಲ, ಅದನ್ನೂ ನನ್ನ ಲೆಕ್ಕಕ್ಕೇ ಬರ್ಕೊಳ್ಳಿ” ಎಂದರು. 2013ರ ಸ್ಪಷ್ಟ ಬಹುಮತದ ಬಗ್ಗೆ ಅವರು ಮಾತಾಡುವುದಿಲ್ಲ. 2018ರಲ್ಲಿ ಮತ್ತೆ ಅತಂತ್ರ, ಮತ್ತೆ ಎದೆ. 2023ರಲ್ಲಿ ಕಾಂಗ್ರೆಸ್ 135 ತಲುಪಿದ ಮಧ್ಯಾಹ್ನ ಆ್ಯಂಕರ್ ಕೆಣಕಿದರೆ, ಸರ್ ಗಂಟಲು ಸರಿಮಾಡಿಕೊಂಡು, “ಸೀಟು ಬಂದಿದೆ, ಆದರೆ ಮುಖ್ಯಮಂತ್ರಿ ಯಾರು ಅನ್ನೋದು ಅತಂತ್ರ ಅಲ್ವೇ?” ಎಂದರು. ಆ ವಾರಕ್ಕೆ ಮಾತ್ರ ಅದು ನಿಜವೇ ಆಗಿತ್ತೆನ್ನಿ.

ಅವರ ಮನೆಯ ಬಾಗಿಲಿಗೆ ಎದುರಾಗಿ ಗೋಡೆಯಲ್ಲಿ ಒಂದೇ ಮೊಳೆ. ಅಲ್ಲಿ ಹಾಲಿ ಮುಖ್ಯಮಂತ್ರಿಗಳ ಕೈಕುಲುಕುತ್ತಿರುವ ಸರ್. ಮಾಜಿಗಳ ಕೈಕುಲುಕುತ್ತಿರುವ ಸರ್ ಎಲ್ಲ ಅಟ್ಟದ ಮೇಲೆ. 2008ರಿಂದ 2013ರವರೆಗೆ ಆಳಿದ್ದು ಒಂದೇ ಪಕ್ಷವಾದರೂ ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್ ಎಂದು ಮೂರು ಸಲ ಅಟ್ಟ ಹತ್ತಬೇಕಾಯಿತು. 2018ರ ಮೇ ತಿಂಗಳಂತೂ ಕೇಳಬೇಡಿ. 17ರ ಗುರುವಾರ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, ಸಂಜೆ ಫ್ರೇಮು ಏರಿತು. 19ರ ಶನಿವಾರ ವಿಶ್ವಾಸಮತಕ್ಕೆ ಮೊದಲೇ ಅವರ ರಾಜೀನಾಮೆ. ಕುಮಾರಸ್ವಾಮಿ ಪ್ರಮಾಣವಚನ 23ರ ಬುಧವಾರ. ಸರ್ ಸ್ಟೂಲು ಎಳೆಯುವುದನ್ನು ಕಂಡು ಮನೆಯಾಕೆ, “ರೀ, ಮೊಳೆ ಸಡಿಲವಾಗಿದೆ. ಬುಧವಾರದವರೆಗೆ ಗಣಪತಿ ಫೋಟೋ ಹಾಕಿ, ಆತ ಯಾವ ಪಕ್ಷದಲ್ಲೂ ಇಲ್ಲ” ಎಂದರಂತೆ. ಸರ್ ಸ್ಟೂಲಿನ ಮೇಲೆ ನಿಂತೇ ಯೋಚಿಸಿದರು. “ದೇವರ ವಿಷಯದಲ್ಲೂ ಈಗ ಅಷ್ಟು ಧೈರ್ಯವಾಗಿ ಹೇಳೋಕಾಗಲ್ಲ ಕಣೇ.”

ಕಳೆದ ಮಳೆಗಾಲದಲ್ಲಿ ಒಂದು ಕೆರೆಯ ಸುದ್ದಿ ಬಂತು. ಒತ್ತುವರಿಯಾಗಿದೆ ಎಂದು ಒಬ್ಬರು, ಇಲ್ಲವೇ ಇಲ್ಲ ಎಂದು ಇನ್ನೊಬ್ಬರು. ಸರ್ ಇಬ್ಬರಿಗೂ ಫೋನ್ ಮಾಡಿ, ತಲಾ ಹದಿನಾಲ್ಕು ಸಾಲು ಬರೆದು, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೊಸದಾಗಿ ಸೇರಿದ ಸಬ್ ಎಡಿಟರ್ ಹುಡುಗಿ ಪ್ರತಿ ಹಿಡಿದು ಬಂದಳು.

“ಸರ್, ಒತ್ತುವರಿ ಆಗಿದೆಯೋ ಇಲ್ಲವೋ?”

“ಎರಡೂ ಬರೆದಿದ್ದೀನಲ್ಲಮ್ಮಾ.”

“ಕೆರೆ ಇಲ್ಲೇ ಇದೆ ಸರ್. ಆಟೋದಲ್ಲಿ ಹೋದರೆ ಅರ್ಧ ಗಂಟೆ. ನೋಡಿಕೊಂಡೇ ಬರಬಹುದಿತ್ತು.”

“ನೋಡಿಬಿಟ್ಟರೆ ಒಬ್ಬರ ಕಡೆ ವಾಲಿದ ಹಾಗಾಗುತ್ತಲ್ಲಮ್ಮಾ,” ಎಂದರು ಸರ್, ನಿಜಕ್ಕೂ ನೊಂದುಕೊಂಡು.

ಆ ಹುಡುಗಿ ಮಾರನೆಯ ದಿನ ರಜೆ ಹಾಕಿ, ತಾನೇ ಹೋಗಿ, ಬೇಲಿಯ ಕಲ್ಲುಗಳ ಫೋಟೋ ತೆಗೆದುಕೊಂಡು ಬಂದಳು. ಸುದ್ದಿ ಮುಖಪುಟಕ್ಕೆ ಹೋಯಿತು. ಪತ್ರಿಕೆ ಒಂದು ಪಕ್ಷದ ಪರ ಎಂದು ಸಚಿವರ ಕಡೆಯವರು ಕೂಗಾಡಿದರು. ಒತ್ತುವರಿ ಮಾಡಿದವರಲ್ಲಿ ತಮ್ಮವನೊಬ್ಬನ ಹೆಸರಿದ್ದ ಕಾರಣ ವಿರೋಧ ಪಕ್ಷದವರೂ ಅದನ್ನೇ ಕೂಗಿದರು. ಇಬ್ಬರಿಂದಲೂ ಬೈಸಿಕೊಳ್ಳುವುದು ಒಂದು ಬಗೆಯ ನಿಷ್ಪಕ್ಷಪಾತ ಎಂದು ನನಗನ್ನಿಸಿತು. ಸರ್‌ಗೆ ಮಾತ್ರ ಅದು ಅನುಭವದ ಕೊರತೆ.

ಅವರನ್ನು ಕೆಟ್ಟವರೆನ್ನಲು ಮನಸ್ಸು ಬರುವುದಿಲ್ಲ. ಸುಳ್ಳು ಬರೆದವರಲ್ಲ. ಇಬ್ಬರು ಹೇಳಿದ ಸುಳ್ಳನ್ನು ಅಕ್ಷರ ಬಿಡದೆ ಬರೆದವರು, ಅಷ್ಟೇ.

ಈಗ ನಿವೃತ್ತಿ ಹತ್ತಿರವಾಗಿದೆ. 2014ರಲ್ಲಿ ಅಂಕಣಕಾರ ಪ್ರತಾಪ ಸಿಂಹ ಮೈಸೂರಿನಿಂದ ಸಂಸದರಾದದ್ದನ್ನು ಸರ್ ಆಗಾಗ ನೆನೆಯುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11 ನಾಮನಿರ್ದೇಶನದವು ಎಂಬುದು ಅವರಿಗೆ ಬಾಯಿಪಾಠ. ಸಂವಿಧಾನದಲ್ಲಿ ಹೇಳಿರುವುದು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಮತ್ತು ಸಮಾಜಸೇವೆ. ಪತ್ರಿಕೋದ್ಯಮ ಆ ಪಟ್ಟಿಯಲ್ಲಿಲ್ಲ. ತಮ್ಮದು ಸಮಾಜಸೇವೆಯಲ್ಲಿ ಬರುತ್ತದೆ ಎಂದು ಅವರ ವಾದ. ಮೊನ್ನೆ ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್ಬಿನಲ್ಲಿ ಮೆಣಸಿನಕಾಯಿ ಬಜ್ಜಿ ಮುರಿಯುತ್ತಾ ನಿಟ್ಟುಸಿರುಬಿಟ್ಟರು. “ನಾನೂ ಒಂದು ಪಕ್ಷ ಅಂತ ಹಿಡಿದಿದ್ದರೆ ಇಷ್ಟು ಹೊತ್ತಿಗೆ ಎಂಎಲ್‌ಸಿ ಆಗಿರ್ತಿದ್ದೆ.”

“ಯಾವ ಪಕ್ಷ ಸರ್?” ಎಂದೆ.

ಅಕ್ಕಪಕ್ಕದ ಮೇಜುಗಳನ್ನು ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಅದನ್ನ ಈಗಲೇ ಹೇಳೋಕಾಗುತ್ತೇನಯ್ಯಾ? ಪಟ್ಟಿ ಇನ್ನೂ ಫೈನಲ್ ಆಗಿಲ್ಲ.”