‘ನಾನು ತಣ್ಣಗಿರಬೇಕಾದರೆ ಇನ್ಯಾರೋ ಬೆವರಬೇಕು ಮಾರಾಯ್ರೆ!’

ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟೊಂದರಲ್ಲಿ, ಟಿವಿ ಸ್ಟ್ಯಾಂಡಿನ ಪಕ್ಕ, ಗಾಜಿನ ಬಾಗಿಲೊಳಗೆ ಬಣ್ಣದ ದೀಪ ಹೊತ್ತಿಸಿಕೊಂಡು ಕುಳಿತಿದ್ದಾರೆ ಗಣಕರಾಯರು. ಪುತ್ತೂರು ಮೂಲದ ಯಜಮಾನರು ಮನೆಯಲ್ಲೇ ಕೈಯಾರೆ ಜೋಡಿಸಿದ, ನೀರಿನಿಂದ ತಂಪಾಗುವ ಪುಟ್ಟ ಕಂಪ್ಯೂಟರ್. ಹುಟ್ಟಿದ್ದು ಮರಳುಗಾಡಿನಲ್ಲಾದರೂ ಮಾತು ಮಾತ್ರ ಅಚ್ಚ ದಕ್ಷಿಣ ಕನ್ನಡದ್ದು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಯಜಮಾನರು ಆಫೀಸಿಗೆ ಹೋಗಿದ್ದಾಗ ಗಣಕರಾಯರು ನಮ್ಮೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದರು.

ನಾವು: ನಮಸ್ಕಾರ ಗಣಕರಾಯರೇ. ಕುಳಿತ ಜಾಗ ಬಹಳ ಇಕ್ಕಟ್ಟಾಗಿ ಕಾಣುತ್ತದೆ?

ಗಣಕರಾಯರು: ಇಕ್ಕಟ್ಟಾ? ನೀವು ಕರಾಮಾದ ಬೆಡ್‌ಸ್ಪೇಸ್ ನೋಡಿದ್ದೀರಾ? ಒಂದು ರೂಮಿಗೆ ಆರು ಜನ, ಮಂಚದ ಮೇಲೆ ಮಂಚ, ಒಬ್ಬ ಮಗ್ಗುಲು ಬದಲಿಸಿದರೆ ಇನ್ನೊಬ್ಬನಿಗೆ ಎಚ್ಚರ. ನನ್ನ ಹೊಟ್ಟೆಯೊಳಗೂ ಅದೇ ಸಂಸಾರ. ಮದರ್‌ಬೋರ್ಡು 17 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. ಮಿನಿ ಐಟಿಎಕ್ಸ್ ಎಂಬ ಈ ಅಳತೆಯನ್ನು 2001ರಲ್ಲಿ ತೈವಾನಿನ ವಯಾ ಕಂಪನಿಯವರು ತಂದದ್ದು. ಅದರ ಬೆನ್ನಿಗೆ ಗ್ರಾಫಿಕ್ಸ್ ಕಾರ್ಡು, ತಲೆ ಮೇಲೆ ರೇಡಿಯೇಟರು, ಕಾಲಡಿ ಪವರ್ ಸಪ್ಲೈ, ಉಳಿದ ಸಂದಿಯಲ್ಲಿ ಪಂಪು. ಒಂದು ಸ್ಕ್ರೂ ಒಳಗೆ ಬಿದ್ದರೆ ಅದನ್ನು ಹೆಕ್ಕಲಿಕ್ಕೆ ಅರ್ಧ ಸಂಸಾರವನ್ನೇ ಹೊರಗೆ ಹಾಕಬೇಕು.

ನಾವು: ದೊಡ್ಡ ಪೆಟ್ಟಿಗೆಯನ್ನೇ ತರಬಹುದಿತ್ತಲ್ಲ?

ಗಣಕರಾಯರು: ಯಜಮಾನರು ತರಲಿಕ್ಕೆ ಹೊರಟಿದ್ದರು. ಅಮ್ಮ, ಅಂದರೆ ಅವರ ಹೆಂಡತಿ, ಒಪ್ಪಲಿಲ್ಲ. ‘ಈ ಹಾಲಿನಲ್ಲಿ ಒಂದೋ ನಿಮ್ಮ ಕಂಪ್ಯೂಟರು ಇರಬೇಕು, ಇಲ್ಲ ದೇವರ ಮಂಟಪ ಇರಬೇಕು’ ಎಂದರು. ದೇವರು ಗೆದ್ದರು. ಮತ್ತೆ ಯಜಮಾನರದ್ದೂ ಒಂದು ಲೆಕ್ಕ ಉಂಟು. ಮುಂದಿನ ವರ್ಷ ಊರಿಗೆ ವಾಪಸ್ ಹೋಗ್ಲಿಕ್ಕುಂಟಂತೆ. ಆಗ ಸೂಟ್‌ಕೇಸಿನೊಳಗೆ ನಾನು ಹಿಡಿಯಬೇಕು. ಈ ‘ಮುಂದಿನ ವರ್ಷ’ವನ್ನು ಮದುವೆಯಾಗಿ ಬಂದ ವರ್ಷದಿಂದಲೂ ಕೇಳ್ತಾ ಇದ್ದೇನೆ ಅಂತ ಅಮ್ಮ ಅಡುಗೆಮನೆಯಿಂದಲೇ ಹೇಳ್ತಾರೆ.

ನಾವು: ನಿಮ್ಮ ಜನನದ ವಿವರ ಹೇಳಿ.

ಗಣಕರಾಯರು: ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆ ಗೊತ್ತುಂಟಲ್ಲ, ಎಲ್ಲರೂ ಕಂಪ್ಯೂಟರ್ ಸ್ಟ್ರೀಟ್ ಅಂತಾರಲ್ಲ, ಅಲ್ಲಿ ನನ್ನ ಅಂಗಾಂಗ ಒಂದೊಂದೇ ಒಟ್ಟಾದದ್ದು. ಪ್ರೊಸೆಸರು ಒಂದು ಅಂಗಡಿ, ಬೋರ್ಡು ಇನ್ನೊಂದು ಅಂಗಡಿ. ಯಜಮಾನರು ಒಂದು ಅಂಗಡಿಯಲ್ಲಿ ಹಿಂದಿಯಲ್ಲಿ ಚೌಕಾಸಿ, ಇನ್ನೊಂದರಲ್ಲಿ ಮಲಯಾಳದಲ್ಲಿ ಚೌಕಾಸಿ, ಮೂರನೆಯದರಲ್ಲಿ ಅಂಗಡಿಯವ ಉಪ್ಪಳದವ ಅಂತ ಗೊತ್ತಾಗಿ ತುಳುವಿನಲ್ಲಿ ಚೌಕಾಸಿ. ಊರಿನವ ಅಂತ ಚಾ ಕೊಟ್ಟ, ಡಿಸ್ಕೌಂಟ್ ಕೊಡಲಿಲ್ಲ. ಕೊಳವೆ ಜೋಡಿಸುವ ಫಿಟ್ಟಿಂಗು ಮಾತ್ರ ಎಲ್ಲಿಯೂ ಸಿಗದೆ ಪರದೇಶದಿಂದ ತರಿಸಿದ್ದು. ಹಿತ್ತಾಳೆಯ ಗಿಡ್ಡ ತುಂಡು, ಅದಕ್ಕೊಂದು ರಬ್ಬರಿನ ಬಳೆ. ಅದಕ್ಕೆ ಕೊಟ್ಟ ದುಡ್ಡನ್ನು ಅಮ್ಮನ ಹತ್ತಿರ ಇವತ್ತಿನವರೆಗೂ ಹೇಳಿಲ್ಲ. ನೀವು ಬರೆದು ಹಾಕಬೇಡಿ.

ನಾವು: ಮರಳುಗಾಡಿನಲ್ಲಿ ಕುಳಿತು ನೀರಿನ ಮೋಹವೇಕೆ? ಫ್ಯಾನು ಸಾಲದೆ?

ಗಣಕರಾಯರು: ಸಾಲದು ಅಂತಲ್ಲ. ತೂಕಕ್ಕೆ ತೂಕ ಇಟ್ಟರೆ ನೀರು ಗಾಳಿಯ ನಾಲ್ಕು ಪಟ್ಟು ಬಿಸಿ ಹೊರುತ್ತದೆ. ಗಾತ್ರಕ್ಕೆ ಗಾತ್ರ ನೋಡಿದರೆ ಸಾವಿರಾರು ಪಟ್ಟು. ಪೆಟ್ಟಿಗೆಯೊಳಗೆ ಗಾಳಿ ಆಡ್ಲಿಕ್ಕೇ ಜಾಗ ಇಲ್ಲದಿರುವಾಗ ಬಿಸಿಯನ್ನು ನೀರಿನ ಹೆಗಲಿಗೆ ಹೊರಿಸಿ ಬಾಗಿಲ ಬಳಿ ಇಳಿಸುವುದು ಬುದ್ಧಿವಂತಿಕೆ. ನಮ್ಮ ಮನೆತನ ಸಣ್ಣದೇನಲ್ಲ. 1985ರ ಕ್ರೇ-2 ಸೂಪರ್ ಕಂಪ್ಯೂಟರು ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಯೇ ಕೆಲಸ ಮಾಡ್ತಾ ಇತ್ತು. 2004ರಲ್ಲಿ ಆ್ಯಪಲ್‌ನವರೂ ಪವರ್ ಮ್ಯಾಕ್ ಜಿ5 ಒಳಗೆ ದ್ರವ ಹರಿಸಿದರು. ಯಜಮಾನರು ಬಂದ ನೆಂಟರಿಗೆಲ್ಲ ಇದನ್ನು ಹೇಳ್ತಾರೆ. ನೆಂಟರು ಸಮೋಸ ಮುಗಿಯುವವರೆಗೆ ಕೇಳ್ತಾರೆ.

ನಾವು: ಒಳಗೆ ಹರಿಯುವುದು ಯಾವ ನೀರು?

ಗಣಕರಾಯರು: ಅದೇ ತಮಾಷೆ. ಇಲ್ಲಿಂದ ಕೂಗಳತೆಯಲ್ಲಿ ಜೆಬೆಲ್ ಅಲಿ ಸ್ಥಾವರ ಉಂಟು. ದಿನಕ್ಕೆ 49 ಕೋಟಿ ಇಂಪೀರಿಯಲ್ ಗ್ಯಾಲನ್ ಸಮುದ್ರದ ನೀರನ್ನು ಸಿಹಿ ಮಾಡುವ ಶಕ್ತಿ ಅದಕ್ಕೆ, ಗಿನ್ನೆಸ್ ದಾಖಲೆ. ಅಲ್ಲಿ ಹೆಚ್ಚಾಗಿ ಸಮುದ್ರವನ್ನು ಕುದಿಸಿ, ಆವಿ ಹಿಡಿದು, ಭಟ್ಟಿ ಇಳಿಸಿ, ಉಪ್ಪೆಲ್ಲ ತೆಗೀತಾರೆ. ಬರೀ ಭಟ್ಟಿ ನೀರು ಬಾಯಿಗೆ ಸಪ್ಪೆ, ಹಾಗಾಗಿ ಮತ್ತೆ ಖನಿಜ ಸೇರಿಸಿ ನಲ್ಲಿಗೆ ಬಿಡ್ತಾರೆ. ಆ ಖನಿಜ ನನಗೆ ಆಗುವುದಿಲ್ಲ, ಒಳಗೆ ಕಟ್ಟಿಕೊಳ್ತದೆ. ಹಾಗಾಗಿ ಯಜಮಾನರು ಸೂಪರ್ ಮಾರ್ಕೆಟಿಗೆ ಹೋಗಿ ಖನಿಜ ತೆಗೆದ ಡಿಸ್ಟಿಲ್ಡ್ ನೀರು ಕೊಂಡು ತರ್ತಾರೆ. ನೀರಿಗೆ ಇಷ್ಟು ಮರ್ಯಾದೆ ಉಪ್ಪಿನಂಗಡಿಯ ನದಿ ಸಂಗಮದಲ್ಲೂ ಸಿಗ್ಲಿಕ್ಕಿಲ್ಲ. ಪಾಚಿ ಕಟ್ಟದ ಹಾಗೆ ನಾಲ್ಕು ಹನಿ ಔಷಧ ಬೇರೆ. ಮತ್ತೆ ತಾಮ್ರ ಇರುವಲ್ಲಿಗೆ ಅಲ್ಯೂಮಿನಿಯಂ ತರಬಾರದು, ಎರಡೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆದು ಹೋಗ್ತದೆ. ಯಜಮಾನರು ಮಗಳ ಜಾತಕ ಕೂಡ ಇಷ್ಟು ನೋಡಿರಲಿಕ್ಕಿಲ್ಲ.

ನಾವು: ನೀರು ಮತ್ತು ಕರೆಂಟು ಒಂದೇ ಪೆಟ್ಟಿಗೆಯಲ್ಲಿ! ಭಯವಾಗಲಿಲ್ಲವೇ?

ಗಣಕರಾಯರು: ನನಗಲ್ಲ, ಅವರಿಗೆ. ಮೊದಲ ದಿನ ಬೋರ್ಡಿಗೆ ಕರೆಂಟು ಕೊಡದೆ ಬರೀ ಪಂಪನ್ನು ಇಡೀ ದಿನ ಓಡಿಸಿದರು. ಪ್ರತಿಯೊಂದು ಫಿಟ್ಟಿಂಗಿನ ಅಡಿಗೆ ಬಿಳಿ ಟಿಶ್ಯೂ ಮಡಚಿ ಇಟ್ಟು, ರಾತ್ರಿ ಹೊಟ್ಟೆ ಮೇಲೆ ಮಲಗಿ ಮೊಬೈಲಿನ ಟಾರ್ಚು ಹಾಕಿ ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡ್ತಾ ಇದ್ದರು. ಒಂದು ಟಿಶ್ಯೂ ಒದ್ದೆ. ಮನೆಯೇ ಮುಳುಗಿತು ಅಂತ ಪಂಪು ಬಂದ್ ಮಾಡಿ ಎಲ್ಲ ಬಿಚ್ಚಿದರು. ಆಮೇಲೆ ನೋಡಿದರೆ ಅವರ ಹಣೆಯ ಬೆವರು! ಹನಿ ಬಿದ್ದದ್ದು ಮೇಲಿಂದ. ದೊಡ್ಡ ಲೀಕ್ ಟೆಸ್ಟ್ ಆದದ್ದು 2024ರ ಏಪ್ರಿಲ್ 16ಕ್ಕೆ. ಅಲ್ ಐನ್ ಹತ್ತಿರ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮಳೆ. ದುಬೈಯ ಶೇಖ್ ಝಾಯೆದ್ ರಸ್ತೆಯಲ್ಲಿ ಕಾರುಗಳು ತೇಲಿದವು. ಆಗುಂಬೆಯವರು ಈ ಮಳೆಗೆ ಕೊಡೆ ಹುಡುಕಲಿಕ್ಕಿಲ್ಲ, ಆದರೆ ಅಲ್ಲಿ ತೋಡು ಉಂಟು, ಗದ್ದೆ ಉಂಟು. ಇಲ್ಲಿ ನೀರಿಗೆ ಹೋಗ್ಲಿಕ್ಕೆ ದಾರಿಯೇ ಇರಲಿಲ್ಲ. ಆ ದಿನ ಒಂದು ಹನಿಯೂ ಸೋರದಿದ್ದದ್ದು ಈ ಪೆಟ್ಟಿಗೆ ಒಂದೇ ಅಂತ ಯಜಮಾನರು ಈಗಲೂ ಎದೆ ಉಬ್ಬಿಸ್ತಾರೆ.

ನಾವು: ಇಷ್ಟೆಲ್ಲ ಆದಮೇಲೆ ನೀವು ಹಿಮದಷ್ಟು ತಣ್ಣಗಿರಬೇಕಲ್ಲ?

ಗಣಕರಾಯರು: ಎಂತ ಹಿಮ! ರೇಡಿಯೇಟರು ಏನು ಮಾಡಿದರೂ ಕೋಣೆಯ ಗಾಳಿಗಿಂತ ಕೆಳಗೆ ಇಳಿಸ್ಲಿಕ್ಕೆ ಆಗುವುದಿಲ್ಲ. ಕೋಣೆಯಲ್ಲಿ 24 ಡಿಗ್ರಿ ಇದ್ದರೆ ನನ್ನ ನೀರು ಅದಕ್ಕಿಂತ ಹತ್ತಾರು ಡಿಗ್ರಿ ಮೇಲೆಯೇ. ಇದು ಯಜಮಾನರ ತಮ್ಮನಿಗೆ ಅರ್ಥವಾಗ್ಲಿಲ್ಲ. ‘ಐಸ್ ನೀರು ಹಾಕಿ ಅಣ್ಣ’ ಎಂದ. ಪುಣ್ಯಕ್ಕೆ ಹಾಕಲಿಲ್ಲ. 24 ಡಿಗ್ರಿಯ, ಶೇಕಡಾ 50ರಷ್ಟು ತೇವಾಂಶ ಇರುವ ಕೋಣೆಯಲ್ಲಿ 13 ಡಿಗ್ರಿಗಿಂತ ಕೆಳಗಿಳಿದ ಲೋಹ ತಾನೇ ಬೆವರ್ತದೆ. ಆ ಬೆವರು ಬೋರ್ಡಿಗೆ ಬಿದ್ದರೆ ನನ್ನ ಬೊಜ್ಜದ ಊಟವೇ. ನಂಬಿಕೆ ಬಾರದಿದ್ದರೆ ನೀವು ಹೋಗುವಾಗ ಲಾಬಿಯ ಬಾಗಿಲು ದಾಟಿ ನೋಡಿ, ಕನ್ನಡಕ ಬೆಳ್ಳಗಾಗ್ತದೆ. ಬುರ್ಜ್ ಖಲೀಫಾದಲ್ಲಿ ಎಸಿಯಿಂದ ತೊಟ್ಟಿಕ್ಕುವ ಈ ಬೆವರನ್ನೇ ಹಿಡಿದು ಗಿಡಗಳಿಗೆ ಹಾಕ್ತಾರೆ. ಇನ್ನೊಂದು ಕೇಳಿ. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿನಿಂದ ಬರುವ ತಣ್ಣೀರ ನಲ್ಲಿಗೆ ಕೈ ಇಟ್ಟರೆ ಸುಡ್ತದೆ. ಹಾಗಾಗಿ ಜನ ಗೀಸರು ಆಫ್ ಮಾಡಿ, ಅದರ ಹೊಟ್ಟೆಯಲ್ಲಿ ನೀರು ಆರಲಿಕ್ಕೆ ಬಿಟ್ಟು, ಬಿಸಿನೀರ ನಲ್ಲಿಯಿಂದ ತಣ್ಣೀರು ಸ್ನಾನ ಮಾಡ್ತಾರೆ. ಇಂಥ ಊರಲ್ಲಿ ನಾನು 40 ಡಿಗ್ರಿಯಲ್ಲಿದ್ದರೆ ಅದನ್ನೇ ತಂಪು ಅಂತ ಬರೆದುಕೊಳ್ಳಿ.

ನಾವು: ಇಷ್ಟು ಶಕ್ತಿಯನ್ನು ಯಜಮಾನರು ಯಾವ ಘನ ಕಾರ್ಯಕ್ಕೆ ಬಳಸುತ್ತಾರೆ?

ಗಣಕರಾಯರು: ನೀವು ಕೇಳಬಾರದಿತ್ತು. ವಾರದಲ್ಲಿ ಐದು ದಿನ ವಾಟ್ಸ್ಆ್ಯಪ್ ವೆಬ್, ಎಕ್ಸೆಲ್, ಯೂಟ್ಯೂಬಿನಲ್ಲಿ ಯಕ್ಷಗಾನ. ನವೆಂಬರ್ ಬಂತೆಂದರೆ ಕನ್ನಡ ಸಂಘದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ. ಗಣ್ಯರ ಫೋಟೊಗಳನ್ನು ದುಂಡಗೆ ಕತ್ತರಿಸುವುದು, ಯಾರ ತಲೆ ಯಾರದಕ್ಕಿಂತ ದೊಡ್ಡದಾಯಿತು ಅಂತ ಮಧ್ಯರಾತ್ರಿವರೆಗೆ ಫೋನು. ಶನಿವಾರ, ಭಾನುವಾರ ಮಗನ ಕೈಗೆ ಸಿಕ್ಕಿದಾಗ ಮಾತ್ರ ನನಗೂ ಮೈ ಬಿಸಿಯಾಗ್ತದೆ. ಆಗ 600 ವಾಟ್ ಎಳೀತೇನೆ. ಉಳಿದ ದಿನ ಈ ದೀಪಗಳ ಬಣ್ಣ ಬದಲಿಸುವುದೇ ನನ್ನ ದೊಡ್ಡ ಉದ್ಯೋಗ.

ನಾವು: ಆ 600 ವಾಟ್ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಗಣಕರಾಯರು: ಈಗ ವಿಷಯಕ್ಕೆ ಬಂದಿರಿ. ಬಿಸಿ ಸಾಯುವುದಿಲ್ಲ, ವಿಳಾಸ ಬದಲಿಸ್ತದೆ. ಚಿಪ್ಪಿನಿಂದ ತಾಮ್ರಕ್ಕೆ, ತಾಮ್ರದಿಂದ ನೀರಿಗೆ, ನೀರಿನಿಂದ ರೇಡಿಯೇಟರಿಗೆ, ಅಲ್ಲಿಂದ ಈ ಹಾಲಿಗೆ. ಯಜಮಾನರ ಸಂಶೋಧನೆ ಅಲ್ಲಿಗೆ ಮುಗೀತದೆ. ನಾನು ತಣ್ಣಗೆ, ಸೋಫಾದಲ್ಲಿ ಕೂತ ಅಮ್ಮನಿಗೆ ಸೆಕೆ. ಅವರು ಎಸಿ ಎರಡು ಡಿಗ್ರಿ ಇಳಿಸ್ತಾರೆ. ಒಂದು ಟನ್ ಎಸಿ ಅಂದರೆ ಮೂರೂವರೆ ಕಿಲೋವಾಟ್ ಬಿಸಿ ಎತ್ತುವ ತಾಕತ್ತು, ಅದರಲ್ಲಿ ಆರನೇ ಒಂದು ಪಾಲು ನನಗೇ ಬೇಕು. ಇನ್ನು ಈ ಎಸಿ ಎಂತದು ಅಂತ ಮಾಡಿದ್ದೀರಿ? ಇದರ ಕೊಳವೆಯಲ್ಲೂ ನೀರು! ದೂರದ ಸ್ಥಾವರದಲ್ಲಿ ನೀರು ತಣ್ಣಗೆ ಮಾಡಿ, ನೆಲದಡಿ ಪೈಪಿನಲ್ಲಿ ಕಟ್ಟಡ ಕಟ್ಟಡಕ್ಕೆ ಹಂಚುವುದು. ಅಬುಧಾಬಿಯ ತಬ್ರೀದ್ 1998ರಿಂದ, ದುಬೈಯ ಎಂಪವರ್ 2003ರಿಂದ ಇದನ್ನೇ ಮಾಡ್ತಾ ಬಂದದ್ದು. ಅಲ್ಲಿ ಪಂಪು ಉಂಟು, ಕೊಳವೆ ಉಂಟು, ಬಿಸಿ ಉಗುಳುವ ಗೋಪುರ ಉಂಟು. ಯಜಮಾನರು ಏನೋ ಹೊಸತು ಮಾಡಿದೆ ಅಂತ ಫೋಟೊ ಹಾಕಿದರಲ್ಲ, ಇಡೀ ನಗರವೇ ವಾಟರ್ ಕೂಲ್ಡ್ ಮಾರಾಯ್ರೆ! ಬಾಡಿಗೆ ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’, ಅಂದರೆ ಈ ತಂಪಿನ ಬಿಲ್ಲು ಬಾಡಿಗೆದಾರನಿಗಿಲ್ಲ, ಅಂತ ದಪ್ಪ ಅಕ್ಷರದಲ್ಲಿ ಬರೆಯುವುದು ಇದೇ ಕಾರಣಕ್ಕೆ. ನಮಗೆ ಆ ಭಾಗ್ಯ ಇಲ್ಲ. ನನ್ನ ಬಿಸಿ ಹುಟ್ಟಿಸಲಿಕ್ಕೆ ಒಂದು ಬಿಲ್ಲು, ಹೊರಗೆ ಹಾಕಲಿಕ್ಕೆ ಇನ್ನೊಂದು ಬಿಲ್ಲು. ಬಿಸಿ ನನ್ನದು, ತಲೆಬಿಸಿ ಅವರದ್ದು.

ನಾವು: ಅಬುಧಾಬಿಯಲ್ಲಿ ನಿಮ್ಮ ದೊಡ್ಡಣ್ಣನೊಬ್ಬ ಬೆಳೆಯುತ್ತಿದ್ದಾನಂತೆ?

ಗಣಕರಾಯರು: ಸ್ಟಾರ್‌ಗೇಟ್ ಯುಎಇ ಎಂಬ ಡೇಟಾ ಸೆಂಟರು. 2025ರ ಮೇ ತಿಂಗಳಲ್ಲಿ ಘೋಷಿಸಿದರು. ಅವನಿರುವ ಎಐ ಕ್ಯಾಂಪಸ್ಸು 5 ಗಿಗಾವಾಟ್‌ನದ್ದಂತೆ. ನನ್ನ 600 ವಾಟಿನಿಂದ ಭಾಗಿಸಿ ನೋಡಿದೆ, ಅದರಲ್ಲಿ ನನ್ನಂಥವರು 83 ಲಕ್ಷ ಹಿಡೀತಾರೆ. ಅದೇ ತಿಂಗಳು ಅಲ್ ಐನ್ ಹತ್ತಿರದ ಸ್ವೈಹಾನಿನಲ್ಲಿ 51.6 ಡಿಗ್ರಿ ಬಿಸಿಲು. ಇಂಥಲ್ಲಿ ಅಷ್ಟು ಬಿಸಿಯನ್ನು ಹೊರಗೆ ಹಾಕಬೇಕಾದರೆ ಅಣ್ಣನಿಗೆ ಎಷ್ಟು ಗುಂಡಿಗೆ ಬೇಕು! ನನಗೆ ಹೊಟ್ಟೆಕಿಚ್ಚಿಲ್ಲ, ಬೇಜಾರು ಬೇರೆ. ಈ ಅಣ್ಣಂದಿರ ಊಟದ ಎಲೆಗೇ ಪ್ರಪಂಚದ ರ್‍ಯಾಮೆಲ್ಲ ಬಡಿಸಿ ಹೋಯಿತು. ಮನೆ ಕಂಪ್ಯೂಟರಿಗೆ ರ್‍ಯಾಮ್ ಕೊಡುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನು ನಿಲ್ಲಿಸ್ತೇವೆ ಅಂತ ಮೈಕ್ರಾನಿನವರು 2025ರ ಡಿಸೆಂಬರಿನಲ್ಲಿ ಹೇಳಿಯೇ ಬಿಟ್ಟರು. ನನಗೆ ಇನ್ನೊಂದು ರ್‍ಯಾಮ್ ಹಾಕಿಸುವ ಮಾತನ್ನು ಯಜಮಾನರು ಈಗ ಎತ್ತುವುದೇ ಇಲ್ಲ. ‘ಮುಂದಿನ ವರ್ಷ’ ಅಂತಾರೆ.

ನಾವು: ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ನಿಮ್ಮ ಪಂಪಿಗೂ ವಿರಾಮ ಉಂಟೇ?

ಗಣಕರಾಯರು: ಪಂಪು ನಿಂತರೆ ನಾನೇ ನಿಲ್ತೇನೆ, ಹಾಗಾಗಿ ಅದಕ್ಕೆ ವಿರಾಮ ಕೊಟ್ಟವರಿಲ್ಲ. ಆದರೆ ನಾನು ಕಿಟಕಿ ಪಕ್ಕ ಇರುವವ, ಕೆಳಗೆ ನೋಡ್ತೇನೆ. ಆ ಎರಡೂವರೆ ಗಂಟೆ ಕಟ್ಟಡ ಕಟ್ಟುವವರು ನೆರಳಿಗೆ ಹೋಗ್ತಾರೆ, ಒಳ್ಳೆಯದೇ. ಅದೇ ಹೊತ್ತಿಗೆ ನಾಲ್ಕನೇ ಮಾಳಿಗೆಯವರಿಗೆ ಬಿರಿಯಾನಿ ಬೇಕು. ಬೈಕಿನ ಹುಡುಗ ಹೆಲ್ಮೆಟ್ ತೆಗೆಯದೆ ಕೆಳಗೆ ನಿಂತಿರ್ತಾನೆ, ಫೋನು ಎತ್ತುವುದಿಲ್ಲ ಅವರು. ನನ್ನ ಬಿಸಿ, ಟಿವಿಯ ಬಿಸಿ, ಆ ಮಾಳಿಗೆಯ ಒಲೆಯ ಬಿಸಿ, ಒಟ್ರಾಶಿ ಎಲ್ಲರ ಬಿಸಿಯೂ ಯಾವುದೋ ಗೋಪುರ ಹತ್ತಿ ಹೊರಗಿನ ಗಾಳಿಗೇ ಬಿದ್ದದ್ದು. ಆ ಗಾಳಿಯಲ್ಲಿ ನಿಂತವ ಅವನು. ಒಳಗಿನವರೆಲ್ಲ ಸ್ವೆಟರು ಹಾಕಿ ಕೂರುವಷ್ಟು ತಂಪು ಇರಬೇಕಾದರೆ ಯಾರೋ ಒಬ್ಬರು ರೇಡಿಯೇಟರಿನ ಆಚೆ ಬದಿಯಲ್ಲಿ ನಿಲ್ಲಲೇಬೇಕಲ್ಲ. ನನಗೆ ಅದು ತಾಮ್ರದ ರೆಕ್ಕೆ. ನಗರಕ್ಕೆ ಮನುಷ್ಯರು.

ನಾವು: ಗಂಭೀರವಾಗಿಬಿಟ್ಟಿರಿ. ಕೊನೆಯದಾಗಿ ನಮ್ಮ ಓದುಗರಿಗೊಂದು ಸಂದೇಶ?

ಗಣಕರಾಯರು: ಸಂದೇಶ ಕೊಡುವ ಮೊದಲು ನನ್ನದೊಂದು ಪ್ರಶ್ನೆ. ಬಂದಾಗಿನಿಂದ ನೋಡ್ತಾ ಇದ್ದೇನೆ, ನೀವು ಪೆನ್ನಿನ ಮುಚ್ಚಳವನ್ನೇ ತೆಗೆದಿಲ್ಲ. ಮೊಬೈಲು ಮುಂದಿಟ್ಟಿದ್ದೀರಿ, ಅದು ಕೇಳಿಸಿಕೊಂಡು ಎಲ್ಲಿಗೋ ಕಳಿಸ್ತಾ ಉಂಟು, ಅಲ್ಲಿ ಒಬ್ಬ ಎಐ ಅಣ್ಣ ನನ್ನ ಮಾತನ್ನು ಬರೆದು, ತಿದ್ದಿ, ಹೆಡ್ಡಿಂಗ್ ಕೂಡ ಕೊಟ್ಟು ವಾಪಸ್ ಕಳಿಸ್ತಾನೆ. ನನ್ನ ಕೊಳವೆಯಾದರೆ ಗಾಜಿನೊಳಗೆ ಕಾಣ್ತದೆ, ಬೇಕಾದರೆ ಮುಟ್ಟಿ ನೋಡಿ. ನಿಮ್ಮದರ ರೇಡಿಯೇಟರು ಯಾರ ಮನೆ ಅಂಗಳಕ್ಕೆ ಮುಖ ಮಾಡಿದೆ ಅಂತ ಸ್ವಲ್ಪ ವಿಚಾರಿಸಿಕೊಂಡು ಬನ್ನಿ. ಆಮೇಲೆ ಸಂದೇಶ ಕೊಡುವ.