ನೆಕ್ಸ್ಟ್ ಎಲ್ಲಿ ಬಿತ್ತು?

ದೆಹಲಿಯ ಓಖ್ಲಾ ಫೇಸ್ ಮೂರರ ನಮ್ಮ ಆಫೀಸಿನಲ್ಲಿ ಲೆಕ್ಕದ ಹೊಸ ಸಾಫ್ಟ್‌ವೇರ್ ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಕರ್ನಾಟಕದವನೆಂದರೆ ಕಂಪ್ಯೂಟರ್ ಅರೆದು ಕುಡಿದವನೆಂದು ಇಲ್ಲಿಯವರ ನಂಬಿಕೆ. ನಾನು ತಿಪಟೂರಿನ ಬಿ.ಕಾಂ. ಹಾಗಂತ ತಾನಾಗಿ ಬಂದ ಮರ್ಯಾದೆಯನ್ನು ಯಾರಾದರೂ ಬೇಡ ಅಂತಾರೆಯೆ?

ಲೈಸೆನ್ಸ್ ಒಪ್ಪಂದ ಬಂತು. ಓದದೆ ಒಪ್ಪಿದೆ. ಇನ್ನು ‘ನೆಕ್ಸ್ಟ್’ ಒತ್ತಬೇಕು. ನೆಕ್ಸ್ಟೇ ಇಲ್ಲ! ಆಫೀಸಿನದು ಹಳೇ ನೆಟ್‌ಬುಕ್, ಸ್ಕ್ರೀನಿನ ಎತ್ತರ 600 ಪಿಕ್ಸೆಲ್. ಇನ್‌ಸ್ಟಾಲರ್ ಬರೆದ ಪುಣ್ಯಾತ್ಮನ ಎದುರು ಗೋಡೆಯಗಲದ ಮಾನಿಟರ್ ಇದ್ದಿರಬೇಕು. ಬಟನ್‌ಗಳ ಸಾಲು ಪೂರ್ತಿ ಟಾಸ್ಕ್‌ಬಾರಿನ ಕೆಳಗೆ ಇಳಿದುಹೋಗಿತ್ತು.

ಮೌಸಿನ ಚಕ್ರ ತಿರುಗಿಸಿದೆ. ಒಪ್ಪಂದದ ಅಕ್ಷರಗಳು ಓಡಿದವು, ವಿಂಡೋ ಕದಲಲಿಲ್ಲ. ಎದ್ದು ನಿಂತು, ಮಹಡಿ ಕಿಟಕಿಯಿಂದ ಬೀದಿ ನೋಡುವವನಂತೆ, ಸ್ಕ್ರೀನಿನೊಳಗೆ ಮೇಲಿಂದ ಇಣುಕಿದೆ. ಮುಚ್ಚಳ ಹಿಂದಕ್ಕೆ ಬಾಗಿಸಿದೆ. ಕನ್ನಡಕ ತೆಗೆದೆ, ಹಾಕಿದೆ. ಕೊನೆಗೆ ನೆಟ್‌ಬುಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಅದರ ತಳ ನೋಡುತ್ತಿದ್ದಾಗ ಚಹಾದ ಹುಡುಗ ಬಂದ.

“ಅಂಕಲ್, ಕ್ಯಾ ಗಿರ್ ಗಯಾ?”

“ನೆಕ್ಸ್ಟ್,” ಅಂದೆ.

ಅವನು ಗ್ಲಾಸುಗಳನ್ನು ಪಕ್ಕಕ್ಕಿಟ್ಟು ಮೇಜಿನ ಕೆಳಗೆ ತೂರಿದ. ಪಕ್ಕದ ಅಕೌಂಟ್ಸ್ ಮೇಡಂ ಕಾಲೆತ್ತಿ ಜಾಗ ಬಿಟ್ಟರು. ಅವನು ಕಸದ ಬುಟ್ಟಿ ಸರಿಸಿದ, ವೈರುಗಳ ಗೋಜಲಿನಲ್ಲಿ ಕೈಯಾಡಿಸಿದ, ಒಂದು ಸ್ಟೇಪ್ಲರ್ ಪಿನ್ನು ಹಿಡಿದು ತಂದು “ಇದೇನಾ?” ಅಂತ ತೋರಿಸಿದ. ಅಷ್ಟು ಶ್ರದ್ಧೆಯಿಂದ ನನಗೆ ಯಾರೂ ನೆರವಾದದ್ದಿಲ್ಲ. ನಿಜ ಹೇಳಲು ಮನಸ್ಸೊಪ್ಪದೆ ನಾನೂ ಮೇಜಿನ ಕೆಳಗೆ ಬಗ್ಗಿದೆ.

ಅಲ್ಲಿಂದಲೇ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. “ಮಾವ, ಆಲ್ಟ್ ಹಿಡ್ಕೊಂಡು ಎನ್ ಒತ್ತಿ” ಅಂದ. ಒತ್ತಿದೆ, ಹೋಯಿತು.

ವಿಂಡೋಸ್‌ನಲ್ಲಿ ಓಕೆ ಎಡಕ್ಕೆ, ಕ್ಯಾನ್ಸಲ್ ಬಲಕ್ಕೆ, ಮ್ಯಾಕ್‌ನಲ್ಲಿ ತಿರುಗಾಮುರುಗಾ. ಅದನ್ನಾದರೂ ಸಹಿಸಬಹುದು. ಓಖ್ಲಾ ಹೆಸರಿನ ಮೆಟ್ರೊ ನಿಲ್ದಾಣಗಳು ನಾಲ್ಕಿದ್ದು, ಅದರಲ್ಲಿ ಪಕ್ಷಿಧಾಮದ್ದು ಉತ್ತರ ಪ್ರದೇಶದ ನೋಯ್ಡಾದಲ್ಲಿದ್ದರೂ ನಾವು ಮನೆ ಸೇರುತ್ತಿಲ್ಲವೆ?

ಸಹಿಸಲಾಗದ್ದು ಮುಂದಿನ ಪುಟ. ಯಾರೂ ಕೇಳದ ಟೂಲ್‌ಬಾರ್‌ಗೆ ಮೊದಲೇ ಟಿಕ್. ‘ಅಕ್ಸೆಪ್ಟ್’ ಎಂಬುದು ಹಸಿರು ಬಣ್ಣದಲ್ಲಿ, ಅಂಗೈಯಗಲ. ‘ಸ್ಕಿಪ್’ ಎಂಬುದು ಬೂದು ಬಣ್ಣದ ಸಣ್ಣಕ್ಷರ, ಅದಕ್ಕೊಂದು ಚೌಕಟ್ಟೂ ಇಲ್ಲ. ಹಸಿರು ಬಟನ್ ಮಾತ್ರ ಎಂಥ ಪುಟ್ಟ ಸ್ಕ್ರೀನಿನಲ್ಲೂ ಕೆಳಗೆ ಬೀಳುವುದಿಲ್ಲ, ಗಮನಿಸಿ. ನನ್ನ ನೆಕ್ಸ್ಟ್ ಬಿದ್ದದ್ದು ಅಜಾಗ್ರತೆ; ಈ ಸ್ಕಿಪ್ ಮಂಕಾದದ್ದು ಲೆಕ್ಕಾಚಾರ. ಚಹಾದ ಹುಡುಗನಂಥ ನಂಬುವ ಜನವೇ ಇದರ ಗಿರಾಕಿಗಳು ಅನ್ನುವಾಗ ನಗು ಬರುವುದಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಒಂದನ್ನು ಮೆರೆಸಿ ಇನ್ನೊಂದನ್ನು ಮರೆಸುವುದೂ ಆ ಪಟ್ಟಿಯಲ್ಲಿದೆ. ನಿಮಗೂ ಏನಾದರೂ ಕೊಳ್ಳುವಾಗ ‘ಬೇಡ’ ಎನ್ನುವ ಬಟನ್ ಹುಡುಕಿ ಸಾಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ನಂಬರ್ 1915.