ಚಾರ್ಜ್ ಪುರಾಣ

(ಬೆಳ್ಳೂರು ಕ್ರಾಸ್. ಬೆಂಗಳೂರು–ಹಾಸನ ಹೆದ್ದಾರಿ ಬದಿಯ ಟೀ ಅಂಗಡಿ. ತಾತ, ಮೊಮ್ಮಗ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದಾರೆ.)

ಮೊಮ್ಮಗ: ಚಾರ್ಜೇ ಇಲ್ಲ ಕಣ್ ತಾತ!

ತಾತ: ಬೆಳಿಗ್ಗೆ ನೂರು ರೂಪಾಯಿ ಕೊಟ್ಟಿದ್ನಲ್ಲಾ, ಏನ್ ಮಾಡ್ದೆ?

ಮೊಮ್ಮಗ: ಬಸ್ ಚಾರ್ಜಲ್ಲ, ಮೊಬೈಲ್ ಚಾರ್ಜು.

ತಾತ: ಹಂಗನ್ನು. ಬಸ್ ಚಾರ್ಜು 2025ರ ಜನವರೀಲಿ ನೂರಕ್ಕೆ 15 ಏರ್ತು. ನಿಮ್ಮಜ್ಜಿಗೆ ಮಾತ್ರ 2023ರ ಜೂನಿಂದ ಫ್ರೀ. ಅವಳಿಗೇನ್ಲಾ, ಯಾವಾಗ್ಲೂ ಫುಲ್ ಚಾರ್ಜು!

ಮೊಮ್ಮಗ: ಅದಿರ್ಲಿ ತಾತ, ನಮ್ಮ ಅರ್ಜಿ ಕೇಳಕ್ಕೆ ಆಪೀಸಿಗೋಗಿ ಏನ್ ಪ್ರಯೋಜ್ನ? ಹಳೇ ಸಾಹೇಬ್ರು ವರ್ಗ ಆಗವ್ರೆ.

ತಾತ: ಹೊಸಬ್ರು?

ಮೊಮ್ಮಗ: ಇನ್ನೂ ಚಾರ್ಜ್ ತಗಂಡಿಲ್ಲ.

ತಾತ: ಮತ್ತೆ ಕುರ್ಚೀಲಿರೋರು?

ಮೊಮ್ಮಗ: ಇನ್‌ಚಾರ್ಜು. ಸೈನ್ ಹಾಕಲ್ಲ.

ತಾತ: ಜನ ರೊಚ್ಚಿಗೆದ್ರೆ?

ಮೊಮ್ಮಗ: ಲಾಠಿ ಚಾರ್ಜು. ಆಮೇಲೆ ಚಾರ್ಜ್‌ಶೀಟು.

ತಾತ: ಅದಾದ್ರೂ ಬೇಗ ಆಯ್ತದಾ?

ಮೊಮ್ಮಗ: ಆರೋಪಿ ಒಳಗಿದ್ರೆ 60 ದಿನ, ದೊಡ್ಡ ಕೇಸಾದ್ರೆ 90. ತಪ್ಪಿದ್ರೆ ಬೇಲು.

ತಾತ: ನಮ್ಮ ಅರ್ಜಿಗೂ ಅಂಥದ್ದೊಂದು ಗಡುವಿದ್ದಿದ್ರೆ!

ಮೊಮ್ಮಗ: ಐತಲ್ಲ ತಾತ, ಸಕಾಲ. 2011ರ ಕಾಯ್ದೆ. ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ಪರಿಹಾರ.

ತಾತ: ಯಾರ್ ಕೊಡೋದು?

ಮೊಮ್ಮಗ: ತಡ ಮಾಡಿದೋರು.

ತಾತ: ಅಂದ್ರೆ, ಹೋದೋರಾ, ಬಂದೋರಾ?

ಮೊಮ್ಮಗ: ಯಾರಿಗೆ ಚಾರ್ಜಿತ್ತೋ ಅವ್ರು.

ತಾತ: ಅಲ್ಲಿಗೆ ಯಾರೂ ಇಲ್ಲ ಅನ್ನು!

(ಓದುಗರಲ್ಲಿ ವಿನಂತಿ: ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದಕ್ಕೆ ಯಾವ ಚಾರ್ಜೂ ಇಲ್ಲ.)